ಕೈತೋಟದ ಬದನೆಗೆ ವಿಷವಿಲ್ಲದ ಕೀಟ ಹತೋಟಿ

ಹಿತ್ತಿಲಿನ ಬದನೆ ಗಿಡಗಳಿಂದ ಎರಡು ಮೂರು ದಿನಗಳಿಗೊಮ್ಮೆ ಕಾಯಿ ಕೀಳುವುದು ರೂಢಿ. ವಿಷಕಾರಿ ಔಷಧಿ ಸಿಂಪಡಿಸಿದ ಮೇಲಾದರೋ, ಅದರ ಚೀಟಿಯಲ್ಲಿ ಸೂಚಿಸಿದಷ್ಟು ದಿನ ಕಾಯಿ ಕೀಳಬಾರದು. ಕೈತೋಟದಲ್ಲಿ ಈ ನಿಯಮ ಪಾಲಿಸುವವರು ವಿರಳ. ಸಂಜೆಯ ಹುಳಿಗೆ ಕಾಯಿ ಬೇಕೆಂದರೆ ಕೈ ಗಿಡಕ್ಕೇ ಹೋಗುತ್ತದೆ. ಆದ್ದರಿಂದ ಇಲ್ಲಿ ವಿಷವನ್ನು ಬಳಸದಿರುವುದೇ ಲೇಸು.

ಬದನೆಯ ಮುಖ್ಯ ಶತ್ರು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಇದರ ಪತಂಗ ರಾತ್ರಿ ವೇಳೆ ಎಲೆ, ಕುಡಿಗಳ ಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆಯೊಡೆದ ಮರಿಹುಳು ಕೆಲವೇ ಗಂಟೆಗಳಲ್ಲಿ ಎಳೆಯ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರಿ, ರಂಧ್ರವನ್ನು ತನ್ನ ಹಿಕ್ಕೆಯಿಂದ ಮುಚ್ಚುತ್ತದೆ. ಆಮೇಲೆ ಹೊರಗಿನ ಸಿಂಪರಣೆ ಅದಕ್ಕೆ ತಗಲುವುದು ಕಷ್ಟ. ಎಷ್ಟು ಔಷಧಿ ಹೊಡೆದರೂ ಹುಳು ಹೋಗಲಿಲ್ಲವೆಂಬ ದೂರಿಗೆ ಇದೊಂದು ದೊಡ್ಡ ಕಾರಣ.

ಇಂಥಲ್ಲಿ ಔಷಧಿಗಿಂತ ಕತ್ತರಿ ಮೇಲು. ಬಾಡಿ ಜೋತುಬಿದ್ದ ಕುಡಿ ಕಂಡೊಡನೆ, ಕೊರೆದ ಜಾಗಕ್ಕಿಂತ ಸ್ವಲ್ಪ ಕೆಳಗೆ ಕತ್ತರಿಸಬೇಕು. ತೂತು ಬಿದ್ದ ಕಾಯಿಗಳನ್ನೂ ಕಿತ್ತು, ಎಲ್ಲವನ್ನೂ ಸುಡಬೇಕು. ಗಿಡದ ಬುಡಕ್ಕೋ ತಿಪ್ಪೆಗೋ ಎಸೆದರೆ ಶ್ರಮವೆಲ್ಲ ವ್ಯರ್ಥ. ಬೆಳೆದ ಹುಳು ಹೊರಬಂದು, ತರಗೆಲೆಗಳ ನಡುವೆ ಕೋಶವಾಗಿ, ಮತ್ತೆ ಪತಂಗವಾಗಿ ಗಿಡಕ್ಕೆ ಮರಳುತ್ತದೆ. ವಾರಕ್ಕೆರಡು ಬಾರಿ ಈ ಕೆಲಸ ತಪ್ಪಬಾರದು.

ಸಸ್ಯಹೇನುಗಳಿರುವ ಕಡೆ ಹೊಳಪಿನ ಗುಲಗಂಜಿ ಹುಳುಗಳು ಕಂಡರೆ ಅವನ್ನು ಮುಟ್ಟಬಾರದು. ಅವೂ ಅವುಗಳ ಮರಿಗಳೂ ಹೇನುಗಳನ್ನು ತಿನ್ನುತ್ತವೆ. ಅದೇ ಆಕಾರದ, ಹೊಳಪಿಲ್ಲದ, ತಾಮ್ರವರ್ಣದ ಮೈಮೇಲೆ ಹಲವು ಕಪ್ಪು ಚುಕ್ಕೆಗಳಿರುವ ಇನ್ನೊಂದು ದುಂಬಿಯಿದೆ. ಅದು ಎಲೆಯನ್ನು ಕೆರೆದು ಜಾಲರಿಯಂತಾಗಿಸುತ್ತದೆ. ಅದನ್ನೂ, ಮೈತುಂಬ ಮುಳ್ಳುಗಳಿರುವ ಅದರ ಹಳದಿ ಮರಿಗಳನ್ನೂ ಆರಿಸಿ ಸೋಪಿನ ನೀರಿಗೆ ಹಾಕಬೇಕು.

ಇಷ್ಟಾದರೂ ಬಾಧೆ ನಿಲ್ಲದಿದ್ದರೆ ಶೇಕಡಾ 5ರ ಬೇವಿನ ಬೀಜದ ಕಷಾಯ ಉಪಯುಕ್ತ. ನೆರಳಿನಲ್ಲಿ ಒಣಗಿಸಿದ ಬೀಜದ ತಿರುಳು 50 ಗ್ರಾಂನಷ್ಟನ್ನು ಕುಟ್ಟಿ, ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ರಾತ್ರಿಯಿಡೀ ಸ್ವಲ್ಪ ನೀರಿನಲ್ಲಿ ನೆನೆಸಬೇಕು. ಬೆಳಿಗ್ಗೆ ಗಂಟನ್ನು ಚೆನ್ನಾಗಿ ಹಿಂಡಿ, ಸೋಸಿ, ಒಟ್ಟು 1 ಲೀಟರಿಗೆ ನೀರು ಸೇರಿಸಿ, 2 ಗ್ರಾಂ ಸೋಪು ಕರಗಿಸಿದರೆ ದ್ರಾವಣ ಎಲೆಗೆ ಅಂಟುತ್ತದೆ. ಬೇವಿನ ಸತ್ವ ಬಿಸಿಲಿಗೆ ಬೇಗ ಕೆಡುವುದರಿಂದ ಅದೇ ದಿನ ಸಂಜೆ, ಎಲೆಯ ಅಡಿಭಾಗವೂ ತೋಯುವಂತೆ ಸಿಂಪಡಿಸಬೇಕು. ಮರುದಿನ ಹುಳು ಸತ್ತು ಬಿದ್ದಿಲ್ಲವೆಂದು ಕೈಬಿಡುವವರುಂಟು. ಬೇವು ಕೆಲಸ ಮಾಡುವ ಬಗೆಯೇ ಬೇರೆ: ಹುಳು ತಿನ್ನುವುದನ್ನು ಕಡಿಮೆ ಮಾಡುತ್ತದೆ, ಪೊರೆ ಕಳಚಿ ಬೆಳೆಯಲಾರದೆ ಕೆಲವು ದಿನಗಳಲ್ಲಿ ಸಾಯುತ್ತದೆ. ಕಾಯಿಯೊಳಗೆ ಸೇರಿದ ಹುಳುವನ್ನು ಮಾತ್ರ ಬೇವೂ ಮುಟ್ಟಲಾರದು. ಅದಕ್ಕೆ ಕತ್ತರಿಯೇ ಬೇಕು.