ಮ್ಯೂನಿಕ್ಕೋ, ಆಖೆನ್ನೋ?

ಬಿಇ ಮುಗಿಸಿ ಜರ್ಮನಿಯಲ್ಲಿ ಎಂಎಸ್ ಮಾಡಲು ಹೊರಟವರ ಪಟ್ಟಿ ಸೋಸುತ್ತ ಸೋಸುತ್ತ ಕೊನೆಗೆ ಎರಡು ಹೆಸರಿಗೆ ಬಂದು ನಿಲ್ಲುವುದುಂಟು: ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ಟಿಯುಎಂ, ಆಖೆನ್‌ನ ಆರ್‌ಡಬ್ಲ್ಯೂಟಿಎಚ್. ಮೊದಲನೆಯದು 1868ರದ್ದು, ಎರಡನೆಯದು 1870ರದ್ದು. ಎರಡೂ ಸರ್ಕಾರಿ ಸಂಸ್ಥೆಗಳು, ಎರಡೂ ಟಿಯು9 ಎಂಬ ಒಂಬತ್ತು ತಾಂತ್ರಿಕ ವಿಶ್ವವಿದ್ಯಾಲಯಗಳ ಕೂಟದಲ್ಲಿವೆ. ಜರ್ಮನಿಯ ಕಂಪನಿಗಳು ಎರಡರ ಪದವಿಯನ್ನೂ ಗೌರವದಿಂದಲೇ ನೋಡುತ್ತವೆ. ಆದ್ದರಿಂದ ಯಾವುದು ದೊಡ್ಡದು ಎಂಬ ಚರ್ಚೆ ಎಷ್ಟು ಬೆಳೆದರೂ ಉಪಯೋಗ ಕಡಿಮೆ. ನಿಜವಾದ ವ್ಯತ್ಯಾಸ ಇರುವುದು ಫೀ, ಬಾಡಿಗೆ, ಪಠ್ಯ ಮತ್ತು ಪರೀಕ್ಷೆಯ ನಿಯಮಗಳಲ್ಲಿ.

ಜರ್ಮನಿಯಲ್ಲಿ ಓದು ಪುಕ್ಕಟೆ ಎಂಬ ಮಾತು ಈಗ ಅರ್ಧ ನಿಜ. ಅಲ್ಲಿ ಉನ್ನತ ಶಿಕ್ಷಣ ಆಯಾ ರಾಜ್ಯದ ಕೈಯಲ್ಲಿದೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಸೆಮಿಸ್ಟರ್‌ನಿಂದಲೇ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರ್‌ಗೆ 1,500 ಯೂರೋ ವಿಧಿಸಿತು. ಮ್ಯೂನಿಕ್ ಇರುವ ಬವೇರಿಯಾದಲ್ಲಿ 2023ರಲ್ಲಿ ಜಾರಿಗೆ ಬಂದ ಕಾನೂನು ಫೀ ಹಾಕುವ ಅಧಿಕಾರವನ್ನು ವಿಶ್ವವಿದ್ಯಾಲಯಗಳಿಗೇ ಕೊಟ್ಟಿತು. ಅದನ್ನು ಬಳಸಿಕೊಂಡ ಟಿಯುಎಂ 2024ರ ಚಳಿಗಾಲದ ಸೆಮಿಸ್ಟರ್‌ನಿಂದ ಒಕ್ಕೂಟದ ಹೊರಗಿನ ಹೊಸ ಎಂಎಸ್ ವಿದ್ಯಾರ್ಥಿಗಳಿಗೆ, ಕೋರ್ಸ್ ನೋಡಿಕೊಂಡು, ಸೆಮಿಸ್ಟರ್‌ಗೆ 4,000ದಿಂದ 6,000 ಯೂರೋ ಫೀ ಇಟ್ಟಿದೆ. ನಾಲ್ಕು ಸೆಮಿಸ್ಟರ್‌ಗೆ 16,000ದಿಂದ 24,000. ಯೂರೋಗೆ ನೂರು ರೂಪಾಯಿ ಹಿಡಿದರೆ 16ರಿಂದ 24 ಲಕ್ಷ. ಪ್ರತಿಭೆ ಅಥವಾ ಮನೆಯ ಪರಿಸ್ಥಿತಿ ನೋಡಿ ಕೊಡುವ ವಿನಾಯಿತಿಗಳು ಇವೆ. ಆದರೆ ಸಿಕ್ಕೇ ಸಿಗುತ್ತದೆ ಎಂದುಕೊಂಡು ಸಾಲದ ಲೆಕ್ಕ ಹಾಕುವಂತಿಲ್ಲ.

ಆಖೆನ್ ಇರುವುದು ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದಲ್ಲಿ. ಅಲ್ಲಿ ಇಂಥ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್‌ಗೆ ಮುನ್ನೂರು ಚಿಲ್ಲರೆ ಯೂರೋ ವಂತಿಗೆ ಕಟ್ಟಬೇಕು. ಬಸ್ಸು ರೈಲಿನ ಪಾಸೂ ಅದರಲ್ಲೇ ಬರುತ್ತದೆ. ಆದರೆ ಇಲ್ಲೊಂದು ಸಿಕ್ಕು ಇದೆ. ಇದೇ ಆರ್‌ಡಬ್ಲ್ಯೂಟಿಎಚ್ ಹೆಸರಿನಲ್ಲಿ ಅದರ ಇಂಟರ್‌ನ್ಯಾಷನಲ್ ಅಕಾಡೆಮಿ ನಡೆಸುವ ಕೆಲವು ಇಂಗ್ಲಿಷ್ ಮಾಧ್ಯಮದ ಎಂಎಸ್‌ಗಳಿಗೆ ಸಾವಿರಗಳ ಲೆಕ್ಕದಲ್ಲೇ ಫೀ ಇದೆ. ಹಾಗಾಗಿ ಊರಿನ ಹೆಸರು ನೋಡಿ ಪುಕ್ಕಟೆ ಎಂದು ತೀರ್ಮಾನಿಸುವ ಮುನ್ನ ಕೋರ್ಸಿನ ಪುಟದಲ್ಲಿ ಅದನ್ನು ನಡೆಸುವವರು ಯಾರು ಎಂಬುದನ್ನು ನೋಡಬೇಕು.

ಫೀಗಿಂತ ಸದ್ದಿಲ್ಲದೆ ಜೇಬು ಕೊರೆಯುವುದು ಬಾಡಿಗೆ. ವೀಸಾ ಕೇಳುವವರು ಒಂದು ವರ್ಷದ ಖರ್ಚನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ಮೊದಲೇ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೋ. ತಿಂಗಳಿಗೆ 992ರಂತೆ ಬಿಡುಗಡೆಯಾಗುತ್ತದೆ. ಇದು ಇಡೀ ದೇಶಕ್ಕೆ ಒಂದೇ ಮೊತ್ತ. ಮ್ಯೂನಿಕ್‌ಗೂ ಅಷ್ಟೇ, ಆಖೆನ್‌ಗೂ ಅಷ್ಟೇ. ತೊಡಕು ಶುರುವಾಗುವುದೇ ಇಲ್ಲಿ. ಮ್ಯೂನಿಕ್‌ನಲ್ಲಿ ನಾಲ್ಕೈದು ಜನ ಹಂಚಿಕೊಂಡ ಮನೆಯಲ್ಲಿ ಒಂದು ಕೋಣೆಗೇ 700–800 ಯೂರೋ ಕೇಳುತ್ತಾರೆ. ಆರೋಗ್ಯ ವಿಮೆಗೆ ಸುಮಾರು 140 ಕೊಟ್ಟರೆ, 992ರಲ್ಲಿ ಅಕ್ಕಿ, ತರಕಾರಿ, ಫೋನಿಗೆಂದು ಉಳಿಯುವುದು ನೂರರ ಆಸುಪಾಸು. ಆಖೆನ್‌ನಲ್ಲಿ ಅಂಥದೇ ಕೋಣೆ ಸಾಮಾನ್ಯವಾಗಿ 400–500ಕ್ಕೆ ಸಿಗುತ್ತದೆ. ಅಂದರೆ ತಿಂಗಳಿಗೆ 300 ಯೂರೋ ವ್ಯತ್ಯಾಸ, ಎರಡು ವರ್ಷಕ್ಕೆ ಏಳು ಸಾವಿರದ ಮೇಲೆ.

ವಿದ್ಯಾರ್ಥಿಗಳ ಸರ್ಕಾರಿ ಹಾಸ್ಟೆಲ್‌ಗಳು ಎರಡೂ ಕಡೆ ಅಗ್ಗ, ಎರಡೂ ಕಡೆ ಉದ್ದದ ಸರದಿ. ಮ್ಯೂನಿಕ್‌ನಲ್ಲಿ 1972ರ ಒಲಿಂಪಿಕ್ಸ್‌ನ ಮಹಿಳಾ ಕ್ರೀಡಾಪಟುಗಳ ವಸತಿಯ ಜಾಗದಲ್ಲಿ ಈಗ ವಿದ್ಯಾರ್ಥಿಗಳ ಪುಟ್ಟ ಪುಟ್ಟ ಬಂಗಲೆಗಳ ಸಾಲು ಇದೆ. ಒಂದೊಂದರ ಮುಂಗೋಡೆಗೂ ಅಲ್ಲಿ ಇರುವವರೇ ಬಣ್ಣ ಬಳಿದಿರುತ್ತಾರೆ. ನೋಡಲು ಚಂದ, ಸಿಗುವುದು ಅದೃಷ್ಟ. ಇನ್ನೊಂದು ಮಾತು. ಟಿಯುಎಂ ಎಂದರೆ ಮ್ಯೂನಿಕ್ ಪೇಟೆ ಎಂದು ಭಾವಿಸಿ ಹೋಗುವವರಿಗೆ ಕಂಪ್ಯೂಟರ್ ಸೈನ್ಸ್, ಮೆಕ್ಯಾನಿಕಲ್ ತರಗತಿಗಳು ನಡೆಯುವುದು ನಗರದ ಉತ್ತರಕ್ಕಿರುವ ಗಾರ್ಖಿಂಗ್‌ನಲ್ಲಿ, ಯು6 ಮೆಟ್ರೋದ ಕೊನೆಯ ನಿಲ್ದಾಣದಲ್ಲಿ, ಎಂಬುದು ಆಮೇಲೆ ಗೊತ್ತಾಗುತ್ತದೆ. ಅಲ್ಲಿನ ಗಣಿತ-ಮಾಹಿತಿ ವಿಜ್ಞಾನದ ಕಟ್ಟಡದೊಳಗೆ ಮೂರನೇ ಮಹಡಿಯಿಂದ ನೆಲದವರೆಗೆ ಪ್ಯಾರಾಬೋಲ ಆಕಾರದ ಎರಡು ಜಾರುಬಂಡೆಗಳಿವೆ. ಬಾಡಿಗೆಯ ಚಿಂತೆಯವರೂ ಒಮ್ಮೆ ಜಾರಿಯೇ ಜಾರುತ್ತಾರೆ.

ಪ್ರವೇಶದ ವಿಷಯಕ್ಕೆ ಬಂದರೆ, ಅಂಕಗಳನ್ನು ಜರ್ಮನ್ ಮಾನಕ್ಕೆ ತಿರುಗಿಸುವ ಸೂತ್ರ ಒಂದಿದೆ. ಗರಿಷ್ಠ ಅಂಕದಿಂದ ಪಡೆದ ಅಂಕ ಕಳೆಯಬೇಕು. ಅದನ್ನು ಗರಿಷ್ಠಕ್ಕೂ ಪಾಸಿನ ಕನಿಷ್ಠಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಅಲ್ಲಿ 1 ಅತ್ಯುತ್ತಮ, 4 ಕಷ್ಟಪಟ್ಟು ಪಾಸು. 8.5 ಸಿಜಿಪಿಎ ಇದ್ದವರಿಗೆ ಪಾಸಿನ ಕನಿಷ್ಠ 4 ಎಂದಾದರೆ 1.75 ಬರುತ್ತದೆ, ಕನಿಷ್ಠ 5 ಎಂದಾದರೆ 1.9. ಈ ಕನಿಷ್ಠ ಎಷ್ಟೆಂದು ಹೇಳುವ, ಕಾಲೇಜು ಕೊಡುವ ಅಂಕಪಟ್ಟಿಯ ಹಿಂಬದಿಯ ಸಣ್ಣಕ್ಷರದ ಟಿಪ್ಪಣಿ ಇಷ್ಟು ಕೆಲಸ ಮಾಡುತ್ತದೆ. ಅಂಕದ ಜೊತೆಗೆ ಎರಡೂ ಕಡೆ ಬಿಇಯಲ್ಲಿ ಓದಿದ ವಿಷಯಗಳನ್ನು ಒಂದೊಂದಾಗಿ ಹೊಂದಿಸಿ ನೋಡುತ್ತಾರೆ. ಸಿಜಿಪಿಎ ಚೆನ್ನಾಗಿದ್ದೂ, ಗಣಿತ ಅಥವಾ ಥಿಯರಿಯ ಕ್ರೆಡಿಟ್ ಕಡಿಮೆ ಬಿದ್ದು ಅರ್ಜಿ ವಾಪಸಾಗುವುದು ಅಪರೂಪವಲ್ಲ.

ಹೆಚ್ಚಿನವರು ಓದದೆ ಬಿಡುವ ಕಡತವೆಂದರೆ ಪರೀಕ್ಷಾ ನಿಯಮಾವಳಿ. ಆಖೆನ್‌ನಲ್ಲಿ ಒಂದು ವಿಷಯದ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ಅವಕಾಶ. ಕಡ್ಡಾಯ ವಿಷಯವೊಂದರಲ್ಲಿ ಮೂರೂ ಸಲ ಹೋದರೆ ಆ ಪದವಿಯ ಬಾಗಿಲು ಮುಚ್ಚುತ್ತದೆ, ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಅದೇ ಕೋರ್ಸಿಗೆ ಸೇರುವುದೂ ಕಷ್ಟವಾಗುತ್ತದೆ. ಬ್ಯಾಕ್ ಉಳಿಸಿಕೊಂಡು ಮುಂದಿನ ಸಲ ನೋಡೋಣ ಎನ್ನುವ ನಮ್ಮ ಅಭ್ಯಾಸಕ್ಕೆ ಇದು ಹೊಸದು. ಟಿಯುಎಂನ ಎಂಎಸ್‌ಗಳಲ್ಲಿ ಸಲಗಳ ಲೆಕ್ಕ ಇಡುವುದಿಲ್ಲ. ಅಲ್ಲಿ ಗಡಿಯಾರ ಓಡುತ್ತದೆ. ಮೂರನೇ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಕನಿಷ್ಠ 30 ಕ್ರೆಡಿಟ್, ನಾಲ್ಕಕ್ಕೆ 60, ಹೀಗೆ ಆರನೆಯದರ ಕೊನೆಗೆ 120 ಆಗಿರಬೇಕು. ಪರೀಕ್ಷೆಗೆ ಹೆದರುವ ಸ್ವಭಾವದವರಿಗೆ ಎರಡನೆಯದು ಮೆತ್ತಗಿನ ವ್ಯವಸ್ಥೆ. ಆದರೆ ಪ್ರತಿ ಹೆಚ್ಚುವರಿ ಸೆಮಿಸ್ಟರ್‌ಗೂ ಫೀ ಇದೆ ಎಂಬುದು ಮರೆಯಬಾರದ ಸಂಗತಿ.

ರ‍್ಯಾಂಕಿಂಗ್‌ನಲ್ಲಿ ಟಿಯುಎಂ ಮೇಲಿದೆ, ನಿಜ. ಕ್ಯೂಎಸ್ ಪಟ್ಟಿಯ 2024ರ ಆವೃತ್ತಿಯಿಂದ ಅಂಕದ ಶೇ 30 ಪ್ರಾಧ್ಯಾಪಕರ ಅಭಿಪ್ರಾಯ ಸಮೀಕ್ಷೆಗೆ, ಶೇ 15 ಕಂಪನಿಗಳ ಅಭಿಪ್ರಾಯಕ್ಕೆ ಮೀಸಲು. ಅಂದರೆ ಹತ್ತಿರಹತ್ತಿರ ಅರ್ಧ ಅಂಕ ಹೆಸರಿಗೇ ಸಲ್ಲುತ್ತದೆ. ಆಯ್ದ ಕೋರ್ಸಿನಲ್ಲಿ ಏನು ಕಲಿಸುತ್ತಾರೆ ಎಂಬುದು ಆ ಪಟ್ಟಿಯಲ್ಲಿ ಸಿಗದು. ಅದಕ್ಕೆ ಕೋರ್ಸಿನ ಮಾಡ್ಯೂಲ್ ಕೈಪಿಡಿಯನ್ನೇ ತೆರೆಯಬೇಕು: ಯಾವ ವಿಷಯ ಇಂಗ್ಲಿಷ್‌ನಲ್ಲಿದೆ, ಯಾವುದು ಜರ್ಮನ್‌ನಲ್ಲಿ ಮಾತ್ರ, ಲ್ಯಾಬ್ ಎಷ್ಟು, ಪ್ರಬಂಧಕ್ಕೆ ಎಷ್ಟು ಕ್ರೆಡಿಟ್.

ಕೆಲಸದ ನೋಟದಲ್ಲಿ ಎರಡು ಊರುಗಳ ರುಚಿ ಬೇರೆ. ಮ್ಯೂನಿಕ್‌ನಲ್ಲಿ ಬಿಎಂಡಬ್ಲ್ಯು, ಸೀಮೆನ್ಸ್‌ಗಳ ಕೇಂದ್ರ ಕಚೇರಿಗಳಿವೆ. ಆಖೆನ್ ಸಣ್ಣ ಊರು, ಬೆಲ್ಜಿಯಂ-ನೆದರ್‌ಲೆಂಡ್ಸ್ ಗಡಿಯಲ್ಲಿದೆ. ಆದರೆ ಅಲ್ಲಿ 1906ರಿಂದ ನಡೆದುಬಂದ ಯಂತ್ರೋಪಕರಣಗಳ ಪ್ರಯೋಗಾಲಯ ಡಬ್ಲ್ಯುಜಡ್‌ಎಲ್, ಲೇಸರ್ ಮತ್ತು ಉತ್ಪಾದನಾ ತಂತ್ರದ ಫ್ರೌನ್‌ಹೋಫರ್ ಸಂಸ್ಥೆಗಳಿವೆ. ಇಂಥ ಕಡೆ ‘ಹಿವಿ’ ಎಂದು ಕರೆಯುವ ವಿದ್ಯಾರ್ಥಿ ಸಹಾಯಕ ಕೆಲಸಗಳು ಸಿಗುತ್ತವೆ. ಹೊರದೇಶದ ವಿದ್ಯಾರ್ಥಿಗೆ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡುವ ಅವಕಾಶವಿದೆ. ವಿಶ್ವವಿದ್ಯಾಲಯದೊಳಗಿನ ಹಿವಿ ಕೆಲಸ ಈ ಮಿತಿಗೆ ಸೇರುವುದಿಲ್ಲ. ಪದವಿಯ ನಂತರ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಎರಡೂ ಕಡೆಯವರಿಗೂ ಸಮಾನ. ಆ ಹೊತ್ತಿಗೆ ಜರ್ಮನ್ ಬಾರದಿದ್ದರೆ, ಇಂಗ್ಲಿಷ್‌ನಲ್ಲಿ ನಡೆಯುವ ಕೆಲಸಗಳು ಮ್ಯೂನಿಕ್‌ನಲ್ಲಿ ಕೊಂಚ ಹೆಚ್ಚು.

ಕೊನೆಯದು ದಿನಾಂಕಗಳ ಗೊಂದಲ. ಚಳಿಗಾಲದ ಸೆಮಿಸ್ಟರ್‌ಗೆ ಹೊರದೇಶದವರ ಅರ್ಜಿ ಆಖೆನ್‌ನಲ್ಲಿ ಸಾಮಾನ್ಯವಾಗಿ ಮಾರ್ಚ್ 1ಕ್ಕೇ ಮುಗಿಯುತ್ತದೆ. ಟಿಯುಎಂನ ಬಹಳಷ್ಟು ಕೋರ್ಸುಗಳಿಗೆ ಮೇ 31ರವರೆಗೆ ಸಮಯ. ಒಂದರ ಉತ್ತರ ಕೈಗೆ ಬಂದಾಗ ಇನ್ನೊಂದರದು ಬಾರದೇ ಇರಬಹುದು. ಈ ನಡುವೆ ಭಾರತೀಯ ಪದವಿಗಳನ್ನು ಪರಿಶೀಲಿಸುವ ಎಪಿಎಸ್ ಪ್ರಮಾಣಪತ್ರ 2022ರ ನವೆಂಬರ್‌ನಿಂದ ವೀಸಾಗೆ ಕಡ್ಡಾಯವಾಗಿದೆ. ಅದನ್ನು ಪ್ರವೇಶಪತ್ರ ಬರುವ ಮೊದಲೇ ಮಾಡಿಸಿಟ್ಟರೆ, ಬೆಂಗಳೂರಿನ ಜರ್ಮನ್ ಕಾನ್ಸುಲೇಟ್‌ಗೆ ಸಲ್ಲುವ ವೀಸಾ ಅರ್ಜಿಯನ್ನು ಮೊದಲು ಬಂದ ಪ್ರವೇಶಪತ್ರದ ಮೇಲೆಯೇ ಹಾಕಬಹುದು. ನಂತರ ಬಂದದ್ದೇ ಬೇಕೆನಿಸಿದರೆ ವೀಸಾ ಕಚೇರಿಗೆ ತಕ್ಷಣ ತಿಳಿಸಿ ಹೊಸ ಪತ್ರ ಸೇರಿಸಬೇಕು. ಏಕೆಂದರೆ ಕಡತ ಅಲ್ಲಿಂದ ಹೋಗುವುದು ವಿದ್ಯಾರ್ಥಿ ವಾಸಿಸಲಿರುವ ಊರಿನ ವಿದೇಶೀಯರ ಕಚೇರಿಗೆ, ಮತ್ತು ಆಖೆನ್‌ನದು, ಮ್ಯೂನಿಕ್‌ನದು ಬೇರೆ ಬೇರೆ ಕಚೇರಿಗಳು.