ಪ್ಲೇಗಿನ ಕಾಲದ ನೆರಳು: ಬೆಂಗಳೂರಿನ ಬಸವನಗುಡಿ

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬಸವನಗುಡಿ ನಗರದ ಅತ್ಯಂತ ಹಳೆಯ ಯೋಜಿತ ಬಡಾವಣೆಗಳಲ್ಲೊಂದು. ಅಗಲವಾದ ಬೀದಿ, ಸಾಲುಮರ, ಅಂಗಳವುಳ್ಳ ಮನೆ, ಹೆಜ್ಜೆಗೊಂದು ಗುಡಿ ಅಥವಾ ಸಭಾಂಗಣ ಇದರ ಗುರುತು. ಈ ನೆರಳು ತಾನಾಗಿ ಬೆಳೆದದ್ದಲ್ಲ. ಗಾಳಿ ಬೆಳಕಿಗಾಗಿ ಹಂಬಲಿಸಿದ ಕಾಲವೊಂದು ಬೇಕೆಂದೇ ಮಾಡಿಕೊಂಡದ್ದು.

ಹತ್ತೊಂಬತ್ತನೇ ಶತಮಾನದ ಕೊನೆಗೆ ಬೆಂಗಳೂರಿನ ಪೇಟೆ ಕಿಕ್ಕಿರಿದಿತ್ತು. ಗೋಡೆಗೆ ಗೋಡೆ ತಾಗಿದ ಮನೆಗಳಿಗೆ ಬಿಸಿಲು ಇಳಿಯುತ್ತಿರಲಿಲ್ಲ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಪೇಟೆಯ ಆಚೆಗೆ ಹೊಸ ಬಡಾವಣೆಗಳ ಯೋಜನೆ ಸಿದ್ಧವಾಯಿತು. 1898ರ ಆಗಸ್ಟಿನಲ್ಲಿ ಪ್ಲೇಗು ಊರಿಗೆ ನುಗ್ಗಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡ ಮೇಲೆ ಆ ಕೆಲಸಕ್ಕೆ ವೇಗ ಬಂತು. ದಕ್ಷಿಣಕ್ಕೆ ಬಸವನಗುಡಿ, ಉತ್ತರಕ್ಕೆ ಮಲ್ಲೇಶ್ವರ ತಲೆಯೆತ್ತಿದವು.

ಬಡಾವಣೆಯ ವಿನ್ಯಾಸದಲ್ಲೇ ಆರೋಗ್ಯದ ಚಿಂತೆ ಕಾಣುತ್ತದೆ. ರಸ್ತೆಗಳು ನೇರ, ಅಡ್ಡರಸ್ತೆಗಳು ಅವುಗಳಿಗೆ ಲಂಬ. ಮನೆಗೂ ಮನೆಗೂ ನಡುವೆ ಖಾಲಿ ಜಾಗ. ಹಿಂಬದಿಯಲ್ಲಿ ಕಸ, ಮಲ ಸಾಗಿಸಲೆಂದೇ ಬಿಟ್ಟ ಕಿರುಗಲ್ಲಿ. ಹಳೆಯ ಮನೆಗಳಲ್ಲಿ ಹೆಂಚಿನ ಮಾಡು, ಕಂಬದ ಜಗಲಿ, ಕೆಂಪು ಗಾರೆಯ ನೆಲ ಇಂದಿಗೂ ಕಾಣಸಿಗುತ್ತವೆ. ಕಾಂಪೌಂಡಿನೊಳಗೆ ತೆಂಗು, ಸಂಪಿಗೆ, ಪಾರಿಜಾತ.

ಬೆಂಗಳೂರಿನ ಬೀದಿಗಳ ಮರಗಳ ಹಿಂದೆ ಜರ್ಮನಿಯ ತೋಟಗಾರಿಕಾ ತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಕಲ್ಪನೆಯಿದೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಅವರು ಒಂದು ಜಾತಿಯ ಹೂವು ಉದುರುವಷ್ಟರಲ್ಲಿ ಇನ್ನೊಂದು ಅರಳುವಂತೆ ಮರಗಳನ್ನು ಆರಿಸಿದರು. ವರ್ಷದ ಮೊದಲ ತಿಂಗಳುಗಳಲ್ಲಿ ತಬೂಬಿಯಾ, ಜಕರಂಡ. ಬೇಸಿಗೆ ಏರಿದಂತೆ ಗುಲ್‌ಮೊಹರ್.

ಬಡಾವಣೆಗೆ ಹೆಸರು ಕೊಟ್ಟದ್ದು ಅದಕ್ಕಿಂತ ಬಹಳ ಹಳೆಯದಾದ ದೊಡ್ಡ ಬಸವನ ಗುಡಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದರೆನ್ನುವ ಈ ಗುಡಿಯಲ್ಲಿರುವುದು ಒಂದೇ ಕಲ್ಲಿನಲ್ಲಿ ಕಡೆದ ನಂದಿ. ಎತ್ತರ ಸುಮಾರು 4.5 ಮೀಟರ್, ಉದ್ದ ಸುಮಾರು 6 ಮೀಟರ್. ತಲೆಮಾರುಗಳಿಂದ ಎಣ್ಣೆ ಹಚ್ಚುತ್ತ ಬಂದು ಕಲ್ಲು ಕಪ್ಪಾಗಿದೆ. ಬಸವ ಎಂದೊಡನೆ ಹಲವರಿಗೆ ಕಲ್ಯಾಣದ ಬಸವಣ್ಣನವರ ನೆನಪಾಗುವುದು ಸಹಜ. ಇಲ್ಲಿಯ ಬಸವ ಶಿವನ ವಾಹನವಾದ ನಂದಿ. ಆದರೆ ಎರಡು ಹೆಸರಿಗೂ ಮೂಲ 'ವೃಷಭ' ಎಂಬ ಒಂದೇ ಪದ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಗುಡಿಯ ಮುಂದೆ ಕಡಲೆಕಾಯಿ ಪರಿಷೆ ನಡೆಯುತ್ತದೆ. ಸುಂಕೇನಹಳ್ಳಿ ಮೊದಲಾದ ಸುತ್ತಲ ಹಳ್ಳಿಗಳ ರೈತರು ಮೊದಲ ಫಸಲನ್ನು ಬಸವನಿಗೆ ಒಪ್ಪಿಸುತ್ತಿದ್ದ ರೂಢಿಯೇ ಇದರ ಬೇರು. ಆ ಹೊಲಗಳು ಇಂದು ಬೀದಿಗಳಾಗಿದ್ದರೂ ದೂರದ ಜಿಲ್ಲೆಗಳಿಂದ ರೈತರು ಕಾಯಿ ತಂದು ರಾಶಿ ಹಾಕುತ್ತಾರೆ. ವರ್ಷವಿಡೀ ಶಾಂತವಾಗಿರುವ ರಸ್ತೆ ಆಗ ಜಾತ್ರೆಯಾಗುತ್ತದೆ.

ಗುಡಿಯ ಪಕ್ಕದಲ್ಲೇ ಕಹಳೆ ಬಂಡೆ ಇದೆ. ಅದರ ಉದ್ಯಾನದಲ್ಲಿ ಸಾಹಿತಿ ಡಿ.ವಿ. ಗುಂಡಪ್ಪನವರ (ಡಿ.ವಿ.ಜಿ.) ಪ್ರತಿಮೆಯಿದೆ. ಸ್ವಲ್ಪ ಮುಂದೆ ನಡೆದರೆ ಗವಿಪುರ. ಅಲ್ಲಿಯ ಗವಿ ಗಂಗಾಧರೇಶ್ವರ ಗುಹಾಲಯದಲ್ಲಿ ಮಕರ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವಿನಿಂದ ಹಾದು ಲಿಂಗವನ್ನು ಮುಟ್ಟುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಾಳಿದ ಮನೆಯೂ ಗವಿಪುರದಲ್ಲಿದೆ, ಅದೀಗ ವಸ್ತುಸಂಗ್ರಹಾಲಯ.

ಬಡಾವಣೆಯ ಶಾಂತಿ ಓದು, ಚರ್ಚೆಗಳಿಗೆ ಒದಗಿಬಂತು. ಡಿ.ವಿ.ಜಿ.ಯವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆ, ಎರಡೂ 1945ರಲ್ಲಿ ಹುಟ್ಟಿದವು. ಎಚ್. ನರಸಿಂಹಯ್ಯನವರು 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿ ವಿಜ್ಞಾನವನ್ನು ಸಾಮಾನ್ಯರ ಬಳಿಗೆ ತಂದರು. ಗಾಂಧಿ ಬಜಾರಿನಲ್ಲಿ 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನ, ಹೆಸರೇ ಹೇಳುವಂತೆ, ವಿದ್ಯಾರ್ಥಿಗಳಿಗಾಗಿ ತೆರೆದದ್ದು. ಅದರ ಮಸಾಲೆ ದೋಸೆ ಸಾಹಿತಿಗಳ ಹರಟೆಗೂ ಜೊತೆಯಾಯಿತು.

ನೋಡಬಯಸುವವರು ಮೆಟ್ರೋದ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ಸಾಕು. ಗಾಂಧಿ ಬಜಾರು, ಕಹಳೆ ಬಂಡೆ, ಬಸವನ ಗುಡಿ, ಗವಿಪುರ ಎಂಬ ಕ್ರಮದಲ್ಲಿ ಅರ್ಧ ದಿನದಲ್ಲಿ ನಡೆದೇ ನೋಡಬಹುದು. ಹೂವಿನ ವ್ಯಾಪಾರ ಕಳೆಗಟ್ಟುವ ಬೆಳಗಿನ ಹೊತ್ತು ಒಳ್ಳೆಯದು. ಶುಕ್ರವಾರ ವಿದ್ಯಾರ್ಥಿ ಭವನಕ್ಕೆ ರಜೆ. ಹಳೆಯ ಮನೆಗಳಲ್ಲಿ ಜನ ವಾಸವಿರುವುದರಿಂದ ಅವನ್ನು ಬೀದಿಯಿಂದಲೇ ನೋಡುವುದು ಮರ್ಯಾದೆ.

ನಿವೇಶನದ ಬೆಲೆ ಏರಿದಂತೆ ಹೆಂಚಿನ ಮನೆಗಳು ಕರಗಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ; ಅಂಗಳದ ಜಾಗವನ್ನು ಕಾರುಗಳು ತುಂಬುತ್ತಿವೆ. ಬೀದಿಯ ಅಗಲ ಮತ್ತು ಸಾಲುಮರ ಮಾತ್ರ ಬಹುಮಟ್ಟಿಗೆ ಉಳಿದಿವೆ. ಮನೆ ಮನೆಯ ನಡುವೆ ಗಾಳಿಗೆ ದಾರಿ ಬಿಡಬೇಕೆಂದು ಪ್ಲೇಗು ಕಲಿಸಿದ ಪಾಠ ಎಲ್ಲಿಯವರೆಗೆ ನೆನಪಿರುತ್ತದೋ ಅಲ್ಲಿಯವರೆಗೆ ಬಸವನಗುಡಿಗೆ ಅದರ ನೆರಳೂ ಇರುತ್ತದೆ.