ಹಿತ್ತಲಲ್ಲಿ ದೊಡ್ಡ ಹುಳ ಕಂಡರೆ ಹೆದರಬೇಡಿ

ಅವರೆ, ಎಳ್ಳು, ಬದನೆ ಗಿಡದಲ್ಲಿ ಬೆರಳಿನಷ್ಟು ದಪ್ಪ, ಸುಮಾರು 4 ಅಂಗುಲ ಉದ್ದದ ಹುಳ ನೋಡಿದ್ದೀರಾ? ಹಸಿರು ಇಲ್ಲವೆ ಹಳದಿ ಮೈ, ಪಕ್ಕದಲ್ಲಿ ಓರೆ ಪಟ್ಟೆ, ಬಾಲದ ಮೇಲೆ ಕೊಂಬು ಇದ್ದರೆ, ಅದು ಬೆನ್ನಿನ ಮೇಲೆ ತಲೆಬುರುಡೆಯಂಥ ಗುರುತಿರುವ ದೊಡ್ಡ ಪತಂಗದ ಮರಿ. ಕೊಂಬು ಚುಚ್ಚುವುದಿಲ್ಲ, ವಿಷವೂ ಇಲ್ಲ. ರೇಷ್ಮೆ ಹುಳಕ್ಕೂ ಅಂಥ ಸಣ್ಣ ಕೊಂಬಿದೆಯಲ್ಲ! ಮುಟ್ಟಿದರೆ ತುರಿಸುವುದು ಮೈಯೆಲ್ಲ ಕೂದಲಿರುವ ಕಂಬಳಿ ಹುಳ, ಅದು ಬೇರೆ.

ಇದು ಎಲೆ ಬಹಳ ತಿನ್ನುತ್ತೆ, ನಿಜ. ಗಿಡದ ಕೆಳಗೆ ದಪ್ಪ ಹಿಕ್ಕೆ ಬಿದ್ದಿದ್ದರೆ ಮೇಲೆ ಹುಡುಕಿ, ಕಡ್ಡಿಯಿಂದ ತೆಗೆದುಬಿಡಿ. ಔಷಧಿ ಮಾತ್ರ ಹೊಡೆಯಬೇಡಿ. ನಮ್ಮ ವೇಮಗಲ್ ಕಡೆ ರೇಷ್ಮೆ ಸಾಕುವವರಿದ್ದಾರೆ. ಗಾಳಿಗೆ ಹಾರಿದ ಔಷಧಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳುಗಳು ಸಾಯುತ್ತವೆ. ಪಕ್ಕದ ಮನೆಯವರ ಸಂಘದ ಸಾಲದ ಕಂತು ಆ ಗೂಡಿನಲ್ಲೇ ಇರಬಹುದು.